ಶೀತಪೆಟ್ಟಿಗೆಯ ತಿಂಡಿಯೂ ಕಾಳಿಯ ವಿದ್ಯುತ್ತೂ

ಕಳೆದ ವೈಶಾಖದ ಒಂದು ಅಪರಾಹ್ಣ, ಹುಬ್ಬಳ್ಳಿಯಿಂದ ದಾಂಡೇಲಿಗೆ ಬರುವ ಬಸ್ಸಿನಲ್ಲಿ, ಎರಡು ಪಾದಗಳ ನಡುವೆ ಹಳೆಯ ತಗಡಿನ ಡಬ್ಬವೊಂದನ್ನು ಇರಿಸಿಕೊಂಡು, ಆಗಾಗ ಅದರ ಮುಚ್ಚಳವನ್ನು ಮುಟ್ಟಿ ನೋಡಿಕೊಳ್ಳುತ್ತ ಕುಳಿತಿದ್ದ ಮುದುಕನೊಬ್ಬನನ್ನು ಸಹಪ್ರಯಾಣಿಕರಾರಾದರೂ ಗಮನಿಸಿದ್ದರೆ, ಆತನು ಕಾಶಿಯ ಗಂಗೋದಕವನ್ನೋ ಧಾರವಾಡದ ಪೇಡೆಯನ್ನೋ ಒಯ್ಯುತ್ತಿರಬೇಕೆಂದು ಊಹಿಸಿರಬಹುದು. ಆ ಮುದುಕನು ನಾನೇ. ಡಬ್ಬದೊಳಗೆ ಇದ್ದುದು ಸಾಮಿಲ್ಲಿನಿಂದ ಬೇಡಿ ತಂದ ಮರದ ಹೊಟ್ಟು. ಹೊಟ್ಟಿನ ನಡುವೆ, ಪತ್ರಿಕೆಯ ಹಾಳೆಗಳಲ್ಲಿ ಸುತ್ತಿ ಹುಗಿದಿಟ್ಟ ಆರು ಪೊಟ್ಟಣ ಫ್ರೋಜನ್ ತಿಂಡಿ. ಅವು ಹೆಸರಾಂತ ಮಾಲುಗಳಲ್ಲ. ದೊಡ್ಡ ಅಂಗಡಿಯವರು ತಮ್ಮದೇ ಮುದ್ರೆಯೊತ್ತಿ ಅಗ್ಗವಾಗಿ ಮಾರುವ, ಆ ಅಗ್ಗದ ಕಾರಣದಿಂದಲೇ ಗಾಜಿನ ಪೆಟ್ಟಿಗೆಯ ತಳದಲ್ಲಿ ನಾಚಿಕೊಂಡಂತೆ ಬಿದ್ದಿದ್ದ ಪೊಟ್ಟಣಗಳು.

ಮೊಮ್ಮಗನು ಬೇಸಿಗೆಯ ರಜೆಗೆ ಬರುವವನಿದ್ದನು. ಅವನು ಅಜ್ಜಿಯ ಚಕ್ಕುಲಿಗೆ ವಿರೋಧಿಯೇನಲ್ಲ. ಆದರೆ ಸಂಜೆ ಐದರ ಹೊತ್ತಿಗೆ ಆಟದ ಬಯಲಿನಿಂದ ಓಡಿ ಬಂದ ಬಾಲಕನಿಗೆ ಬಿಸಿಯಾದುದೊಂದು, ಕೆಂಪಗೆ ಕರಿದುದೊಂದು, ಕ್ಷಣಮಾತ್ರದಲ್ಲಿ ಒದಗಬೇಕೆಂಬುದು ಅವನ ಪಟ್ಟಣದ ಸಂಸ್ಕಾರ. ಅವನ ನೆಪದಲ್ಲಿ ನನ್ನ ಬಹುದಿನದ ಒಂದು ಕುತೂಹಲವನ್ನೂ ತೀರಿಸಿಕೊಳ್ಳಬಹುದೆಂದು ನಾನೇ ಹುಬ್ಬಳ್ಳಿಗೆ ಹೊರಟೆನು. ದಾಂಡೇಲಿಯಲ್ಲಿಯೂ ಈಗ ಅಂಥ ಪೆಟ್ಟಿಗೆಗಳು ಇಲ್ಲದಿಲ್ಲ. ಮೊದಲು ಐಸ್‌ಕ್ರೀಮಿಗೆ ಮಾತ್ರ ಮೀಸಲಾಗಿದ್ದ ಡೀಪ್ ಫ್ರೀಜರಿನ ಒಂದು ಮೂಲೆಯನ್ನು ಆಲೂ ಟಿಕ್ಕಿಯೂ ನಗೆಟ್ಸೂ ಆಕ್ರಮಿಸಿಕೊಂಡಿವೆ. ಆ ಪೆಟ್ಟಿಗೆಗಳ ವಿಷಯಕ್ಕೆ ಮುಂದೆ ಬರುತ್ತೇನೆ.

ಮರದ ಹೊಟ್ಟಿನ ಉಪಾಯ ನನ್ನ ಆವಿಷ್ಕಾರವಲ್ಲ. 1833ರಲ್ಲಿ ಅಮೆರಿಕೆಯ ಬೋಸ್ಟನ್ನಿನಿಂದ ಹೊರಟ ಹಡಗೊಂದು, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಮಂಜುಗಡ್ಡೆಯನ್ನು ಶಾಖ ತಾಗದ ಪದರಗಳ ನಡುವೆ ಹುದುಗಿಸಿಕೊಂಡು, ನಾಲ್ಕು ತಿಂಗಳ ಪ್ರಯಾಣದಲ್ಲಿ ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ ಕಲ್ಕತ್ತೆಯನ್ನು ಮುಟ್ಟಿದಾಗ, ಅರ್ಧಕ್ಕಿಂತ ಹೆಚ್ಚು ಗಡ್ಡೆ ಕರಗದೆ ಉಳಿದಿತ್ತು. ಅಲ್ಲಿಂದ ಮುಂದಕ್ಕೆ ದಶಕಗಳ ಕಾಲ ನಡೆದ ಆ ವ್ಯಾಪಾರದಲ್ಲಿ ಮರದ ಹೊಟ್ಟೇ ಮುಖ್ಯ ಸಾಧನವಾಗಿತ್ತು. ನನ್ನ ಪ್ರಯಾಣ ಎರಡು ಗಂಟೆಗಳ ಮೇಲೆ ಸ್ವಲ್ಪ. ಹಳಿಯಾಳದಲ್ಲಿ ಬಸ್ಸು ನಿಂತಾಗ ಡಬ್ಬದ ತಳ ಇನ್ನೂ ಕೊರೆಯುತ್ತಿತ್ತು. ಮನೆಗೆ ಬಂದು ಬಿಚ್ಚಿದರೆ ಐದು ಪೊಟ್ಟಣಗಳು ಕಲ್ಲಿನಂತಿದ್ದವು, ಮೇಲಿದ್ದ ಸಮೋಸದ ಪೊಟ್ಟಣವೊಂದು ಮಾತ್ರ ಅಂಚಿನಲ್ಲಿ ಮೆತ್ತಗಾಗಿತ್ತು. ಆ ರಾತ್ರಿಯೇ ಅದಕ್ಕೆ ಮುಕ್ತಿ.

ನಮ್ಮ ಸೀಮೆಯಲ್ಲಿ ಇಂಥ ತಿಂಡಿಯ ಹೆಸರೆತ್ತಿದರೆ ಹಿರಿಯರು ‘ತಂಗಳು’ ಎಂದು ಮುಖ ಸಿಂಡರಿಸುತ್ತಾರೆ. ನಾನೂ ಬಹುಕಾಲ ಹಾಗೆಯೇ ಸಿಂಡರಿಸಿದವನು. ಆದರೆ ಆಷಾಢದಲ್ಲಿ ನಮ್ಮ ಅಟ್ಟದ ಮೇಲೆ ಏನಿರುತ್ತದೆಂಬುದನ್ನು ನೆನೆದುಕೊಂಡರೆ ಈ ಶುಚಿತ್ವದ ಅಭಿಮಾನ ಸ್ವಲ್ಪ ಸಡಿಲವಾಗಬೇಕಾಗುತ್ತದೆ. ಬೇಸಿಗೆಯಲ್ಲಿ ಬಿಡಿಸಿ ಉಪ್ಪಿನಲ್ಲಿ ಅಮುಕಿಟ್ಟ ಹಲಸಿನ ಸೊಳೆ, ಭರಣಿಯ ಅಪ್ಪೆಮಿಡಿ, ಮಜ್ಜಿಗೆಯಲ್ಲಿ ಅದ್ದಿ ಒಣಗಿಸಿದ ಬಾಳಕದ ಮೆಣಸು, ಹಪ್ಪಳ, ಸಂಡಿಗೆ, ಕರಾವಳಿಯಿಂದ ಘಟ್ಟ ಹತ್ತಿ ಬಂದ ಒಣಮೀನು: ಇವೆಲ್ಲ ಋತುವಿನಿಂದ ಋತುವಿಗೆ ಅನ್ನವನ್ನು ದಾಟಿಸುವ ದೋಣಿಗಳೇ ಅಲ್ಲವೆ? ಉಪ್ಪು, ಬಿಸಿಲು, ಹೊಗೆ, ಹುಳಿ ಎಂಬ ನಾಲ್ಕು ಅಂಬಿಗರು ನಮ್ಮಲ್ಲಿದ್ದರು; ಹಿಮವೆಂಬ ಐದನೆಯವನು ನಮ್ಮ ಹವೆಯಲ್ಲಿ ಹುಟ್ಟಲಿಲ್ಲ, ಅಷ್ಟೆ. ಲ್ಯಾಬ್ರಡಾರ್ ಎಂಬ ಉತ್ತರದ ಹಿಮಭೂಮಿಯಲ್ಲಿ ಅವನು ಎಂದಿನಿಂದಲೋ ಇದ್ದನು. ಅಲ್ಲಿನ ಇನ್ಯುಯಿಟ್ ಜನರು ಹಿಡಿದ ಮೀನು ಆ ಗಾಳಿಯಲ್ಲಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟುವುದನ್ನೂ, ತಿಂಗಳುಗಳ ಮೇಲೆ ಬೇಯಿಸಿದರೂ ಹೊಸ ಮೀನಿನಂತೆಯೇ ಇರುವುದನ್ನೂ ಕಂಡ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತನು ಊರಿಗೆ ಮರಳಿ ಅದಕ್ಕೊಂದು ಯಂತ್ರವನ್ನು ಕಲ್ಪಿಸಿದನು. 1930ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅವನ ಪೊಟ್ಟಣಗಳು ಮೊದಲು ಮಾರಾಟಕ್ಕೆ ಬಂದವು.

ಈ ವಿದ್ಯೆಯ ಮರ್ಮವಿರುವುದು ಶೀತಕ್ಕಿಂತ ಹೆಚ್ಚಾಗಿ ವೇಗದಲ್ಲಿ. ನಿಧಾನವಾಗಿ ಹೆಪ್ಪುಗಟ್ಟಿದ ಪದಾರ್ಥದಲ್ಲಿ ನೀರು ದೊಡ್ಡ ದೊಡ್ಡ ಹರಳುಗಳಾಗಿ, ಆ ಹರಳುಗಳ ಮೊನೆ ಜೀವಕೋಶಗಳ ಗೋಡೆಯನ್ನು ಹರಿಯುತ್ತದೆ. ಕರಗಿಸಿದಾಗ ನೀರು ಸೋರಿ, ಕಾಯಿಪಲ್ಲೆ ಹಿಂಡಿದ ಬಟ್ಟೆಯಂತಾಗುತ್ತದೆ. ಶೀಘ್ರವಾಗಿ ಹೆಪ್ಪುಗಟ್ಟಿದರೆ ಹರಳುಗಳು ಸೂಕ್ಷ್ಮವಾಗಿ ಗೋಡೆ ಉಳಿಯುತ್ತದೆ. ಕಾರ್ಖಾನೆಯಲ್ಲಿ ಹಾಗೆ ಹೆಪ್ಪುಗಟ್ಟಿಸಿದುದು ನಮ್ಮ ಬಾಣಲೆಯನ್ನು ಸೇರುವವರೆಗೂ ಸೊನ್ನೆಗಿಂತ 18 ಡಿಗ್ರಿ ಕೆಳಗೆಯೇ ಇರತಕ್ಕದ್ದು. ಇಷ್ಟರಲ್ಲಿ ಒಂದು ಕಡೆ ತಪ್ಪಿದರೂ ಪೊಟ್ಟಣದ ಮೇಲಿನ ಚಿತ್ರಕ್ಕೂ ಒಳಗಿನ ವಸ್ತುವಿಗೂ ಸಂಬಂಧವಿರುವುದಿಲ್ಲ. ನಮ್ಮ ಮನೆಯಲ್ಲಿರುವುದು ಒಂದೇ ಬಾಗಿಲಿನ ಫ್ರಿಜ್ಜು. ಅದರ ಹಿಮದ ಖಾನೆಯ ಮೇಲೆ ಕೆತ್ತಿರುವ ನಕ್ಷತ್ರಗಳು ಎರಡು. ಒಂದು ನಕ್ಷತ್ರವೆಂದರೆ ಸೊನ್ನೆಗಿಂತ 6 ಡಿಗ್ರಿ ಕೆಳಗೆ, ಎರಡೆಂದರೆ 12, ಮೂರೆಂದರೆ 18. ಆದುದರಿಂದ ಪೊಟ್ಟಣದ ಮೇಲೆ ಎಷ್ಟು ತಿಂಗಳ ಆಯುಷ್ಯವನ್ನು ಅಚ್ಚುಮಾಡಿದ್ದರೂ ನಮ್ಮಂಥವರ ಮನೆಯಲ್ಲಿ ಅದಕ್ಕೆ ಅಷ್ಟು ಆಯುಷ್ಯವಿಲ್ಲ. ನಾವು ಆರನ್ನೂ ಒಂದು ವಾರದಲ್ಲಿ ಮುಗಿಸಬೇಕೆಂದು ಗೊತ್ತುಮಾಡಿಕೊಂಡೆವು.

ಪರೀಕ್ಷೆಗೆ ಮುನ್ನ ಪೊಟ್ಟಣಗಳ ಬೆನ್ನನ್ನು ಓದಿದೆನು. ಕನ್ನಡಕ ಸಾಲದೆ ಮೊಮ್ಮಗನ ಭೂತಗನ್ನಡಿಯನ್ನೂ ಹಿಡಿಯಬೇಕಾಯಿತು. ನಮ್ಮ ದೇಶದ ನಿಯಮದಂತೆ ಒಳಗಿನ ಪದಾರ್ಥಗಳ ಹೆಸರುಗಳನ್ನು ತೂಕದ ಅನುಕ್ರಮದಲ್ಲಿ, ಹೆಚ್ಚಿನದನ್ನು ಮೊದಲು ಬರೆಯಬೇಕು. ಆದಕಾರಣ ಈ ಪುಟ್ಟ ಅಕ್ಷರಗಳು ಮುಂಭಾಗದ ವರ್ಣಚಿತ್ರಕ್ಕಿಂತ ಎಷ್ಟೋ ಸತ್ಯವಂತ. ‘ಚೀಸ್ ಬಾಲ್’ ಎಂಬುದರ ಬೆನ್ನಿನಲ್ಲಿ ಮೊದಲು ಆಲೂಗೆಡ್ಡೆ, ಆಮೇಲೆ ಮೈದಾ, ಆಮೇಲೆ ತಾಳೆ ಎಣ್ಣೆ, ಬ್ರೆಡ್ಡಿನ ಪುಡಿ; ಚೀಸು ಮದುವೆಯ ದಿಬ್ಬಣದ ಕೊನೆಯಲ್ಲಿ ಬರುವ ದೂರದ ಬಂಧುವಿನಂತೆ ಐದನೆಯದಾಗಿ ಬರುತ್ತಿತ್ತು. ಕರಿದ ಮೇಲೆ ನಾಲ್ಕನ್ನು ಚಾಕುವಿನಿಂದ ಸೀಳಿ ನೋಡಿದೆವು. ಮೂರರ ಗರ್ಭದಲ್ಲಿ ಕಡಲೆಕಾಳಿನಷ್ಟು ಹಳದಿ. ನಾಲ್ಕನೆಯದರ ಗರ್ಭ ಶೂನ್ಯ. ಮೊಮ್ಮಗನು “ಅಜ್ಜಾ, ಇದ್ರಲ್ಲಿ ಹಾಕೋದು ಮರೆತಿದಾರೆ” ಎಂದನು.

ವೆಜ್ ಫಿಂಗರಿನ ಹೆಸರಿನಲ್ಲಿ ಕ್ಯಾರೆಟ್ಟೂ ಬೀನ್ಸೂ ಇದ್ದುದು ಬಣ್ಣಕ್ಕೆ. ಆಲೂ ಟಿಕ್ಕಿ ತಕ್ಕಮಟ್ಟಿಗೆ ಪ್ರಾಮಾಣಿಕ: ಆಲೂ ಎಂದು ಹೇಳಿತು, ಆಲೂವನ್ನೇ ಕೊಟ್ಟಿತು. ಅಂಚಿನಲ್ಲಿ ಮೆತ್ತಗಾಗಿದ್ದ ಸಮೋಸ ಎಣ್ಣೆಯಲ್ಲಿ ಬಾಯ್ಬಿಟ್ಟು ಪಲ್ಯವನ್ನೆಲ್ಲ ಕಾರಿಕೊಂಡಿತಾದರೂ ಅದು ನನ್ನ ಡಬ್ಬದ ದೋಷವೆಂದು ಒಪ್ಪಿಕೊಂಡೆನು. ದಾಂಡೇಲಿಯಲ್ಲಿ ಸಮೋಸವನ್ನು ಪರೀಕ್ಷಿಸುವುದೂ ಒಂದು ಅವಿವೇಕ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಸ್ಥಾಪನೆಯಾದಂದಿನಿಂದ ದೇಶದ ನಾಲ್ಕೂ ದಿಕ್ಕಿನ ಜನ ಬಂದು ನೆಲಸಿ, ಒಂದೊಂದು ಸೀಮೆಯವರೂ ತಮ್ಮ ಬಾಣಲೆಯನ್ನು ಜೊತೆಗೇ ತಂದಿರುವ ಈ ಊರಿನಲ್ಲಿ, ಪಾಳಿ ಬಿಡುವ ಹೊತ್ತಿಗೆ ಗಾಡಿಯ ಮೇಲೆ ಬಿಸಿ ಸಮೋಸ ಸಿಕ್ಕುವಾಗ ಹೆಪ್ಪುಗಟ್ಟಿದುದನ್ನು ಯಾರು ಕೊಳ್ಳಬೇಕು?

ಫ್ರೆಂಚ್ ಫ್ರೈಸ್ ಗೆದ್ದಿತು, ನ್ಯಾಯವಾಗಿಯೇ ಗೆದ್ದಿತು. ಇದನ್ನು ಮನೆಯಲ್ಲಿ ಮಾಡಲು ನಮ್ಮ ಮನೆಯಾಕೆ ಎರಡು ಬಾರಿ ಪ್ರಯತ್ನಿಸಿದುದುಂಟು. ಎರಡು ಬಾರಿಯೂ ಹೊರಗೆ ಕಂದು, ಒಳಗೆ ಹಸಿ. ಕಾರಣವನ್ನು ಆಮೇಲೆ ತಿಳಿದುಕೊಂಡೆನು. ಸಂತೆಯ ಆಲೂಗೆಡ್ಡೆಯಲ್ಲಿ ನೀರು ಹೆಚ್ಚು, ಒಣಸಾರ ಕಡಿಮೆ. ಶೀತಗೃಹದಲ್ಲಿ ಬಹುದಿನ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ಎಣ್ಣೆಯಲ್ಲಿ ಕಪ್ಪಾಗುತ್ತದೆ. ಕಾರ್ಖಾನೆಯವರು ಇದಕ್ಕೆಂದೇ ಬೇರೆ ತಳಿಗಳನ್ನು ಬೆಳೆಸುತ್ತಾರೆ. ಗುಜರಾತಿನ ಮೆಹ್ಸಾಣಾದಲ್ಲಿ ಕಾರ್ಖಾನೆಯನ್ನಿಟ್ಟ ಕೆನಡಾದ ಮೆಕೇನ್ ಕಂಪನಿಯವರು ಅಲ್ಲಿನ ರೈತರಿಂದ ಸಂತಾನಾ ಮುಂತಾದ ತಳಿಗಳನ್ನು ಒಪ್ಪಂದದ ಮೇಲೆ ಬೆಳೆಸಿದುದು ಇದೇ ಕಾರಣದಿಂದ. ಅಲ್ಲಿ ಹೋಳನ್ನು ಬಿಸಿನೀರಿನಲ್ಲಿ ಹಾಯಿಸಿ, ಆರಿಸಿ, ಒಮ್ಮೆ ಅರೆಬರೆ ಕರಿದು, ಆಮೇಲೆ ಹೆಪ್ಪುಗಟ್ಟಿಸುತ್ತಾರೆ. ನಾವು ಮಾಡುವುದು ಎರಡನೆಯ ಕರಿತ ಮಾತ್ರ. ಕರಗಿಸದೆ, ಹಿಮದಿಂದ ನೇರವಾಗಿ, ಹಿಡಿಯಷ್ಟನ್ನೇ ಕಾದ ಎಣ್ಣೆಗೆ ಬಿಟ್ಟರೆ ಗರಿಗರಿಯಾಗುತ್ತದೆ. ಆತುರದಿಂದ ಇಡೀ ಪೊಟ್ಟಣ ಸುರಿದರೆ ಎಣ್ಣೆ ತಣ್ಣಗಾಗಿ, ತಿಂಡಿ ಎಣ್ಣೆಯನ್ನು ಕುಡಿದು ಮಲಗುತ್ತದೆ. ಅಗ್ಗದ ಪೊಟ್ಟಣಕ್ಕೂ ತುಟ್ಟಿಯದಕ್ಕೂ ನಮ್ಮ ನಾಲಗೆಗೆ ತಿಳಿದ ಅಂತರ ಹೋಳುಗಳ ಉದ್ದದಲ್ಲಿ ಮಾತ್ರ: ಅಗ್ಗದ್ದರಲ್ಲಿ ತುಂಡು ಚೂರುಗಳು ಹೆಚ್ಚು. ಮಕ್ಕಳು ಚೂರುಗಳಿಗಾಗಿಯೇ ಜಗಳವಾಡುವುದರಿಂದ ಅದನ್ನು ದೋಷವೆನ್ನಲಾರೆ.

ಉಳಿದುದು ಮೊಮೊ. ಇದರಲ್ಲಿ ನಾನು ಪಕ್ಷಪಾತಿಯೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1966ರಲ್ಲಿ ಮುಂಡಗೋಡದ ಕಾಡಂಚಿನಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ದೊರೆತು, ಕಾಲಕ್ರಮದಲ್ಲಿ ದ್ರೆಪುಂಗ್, ಗಂದೆನ್ ಎಂಬ ಮಹಾವಿಹಾರಗಳು ಅಲ್ಲಿ ಪುನಃಸ್ಥಾಪಿತವಾದ ಮೇಲೆ, ಹಿಮಾಲಯದ ಆಚೆಯ ಆ ತಿಂಡಿ ನಮ್ಮ ಗದ್ದೆಬಯಲಿನ ತಿಂಡಿಯಾಯಿತು. ಜನ ಆ ನೆಲೆಯನ್ನು ಇಂದಿಗೂ ‘ಕ್ಯಾಂಪು’ ಎನ್ನುತ್ತಾರೆ. ಅರುವತ್ತು ವರ್ಷ ತುಂಬಿದುದನ್ನು ಶಿಬಿರವೆನ್ನುವುದು ಭಾಷೆಯ ಒಂದು ಔದಾಸೀನ್ಯ, ಅಥವಾ ಒಂದು ದುಃಖ. ಅಲ್ಲಿಯ ಪುಟ್ಟ ಹೋಟೆಲೊಂದರಲ್ಲಿ ತಾಯಿಯೊಬ್ಬರು ಮೊಮೊ ಮಡಿಸುವುದನ್ನು ನಾನು ಎಷ್ಟೋ ಬಾರಿ ನೋಡುತ್ತ ಕುಳಿತಿದ್ದೇನೆ. ಲಟ್ಟಣಿಗೆ ಹಾಳೆಯ ನಡುವಿಗೆ ಹೋಗುವುದಿಲ್ಲ, ಅಂಚಿನಲ್ಲಿಯೇ ಸುತ್ತುತ್ತದೆ. ಆದುದರಿಂದ ಹೂರಣ ಕೂರುವ ನಡುಭಾಗ ದಪ್ಪ, ಮಡಿಕೆ ಬೀಳುವ ಅಂಚು ತೆಳು. ಎಡ ಹೆಬ್ಬೆರಳು ಹೂರಣವನ್ನು ಒಳಕ್ಕೆ ಒತ್ತುತ್ತಿರುವಂತೆಯೇ ಬಲಗೈಯ ಎರಡು ಬೆರಳು ಅಂಚನ್ನು ನಿರಿಗೆ ನಿರಿಗೆಯಾಗಿ ಸೇರಿಸುತ್ತ ಬರುತ್ತವೆ, ಸೀರೆಯ ನಿರಿಗೆ ಹಿಡಿದಂತೆ. ಅಂತಸ್ತಿನ ಅಲ್ಯುಮಿನಿಯಂ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ಹಬೆಯಲ್ಲಿ ಕೋಸು, ಈರುಳ್ಳಿ, ಶುಂಠಿಗಳ ವಾಸನೆ. ಪಕ್ಕದಲ್ಲಿ ಸೇಪೆನ್ ಎಂಬ ಕೆಂಪು ಮೆಣಸಿನ ಚಟ್ನಿ, ಅದರ ಮುಂದೆ ನಮ್ಮ ಊರಿನ ಖಾರವೂ ಸೌಮ್ಯ.

ನಮ್ಮ ಪೊಟ್ಟಣದ ಮೊಮೊ ಹತ್ತೂ ಒಂದೇ ಅಚ್ಚಿನವು. ನಿರಿಗೆಗಳನ್ನು ಎಣಿಸಿದರೆ ಎಲ್ಲದರಲ್ಲಿಯೂ ಅಷ್ಟೇ. ಇಡ್ಲಿಪಾತ್ರೆಯಲ್ಲಿ ಹಬೆಗಿಟ್ಟೆವು. ಮೇಲಿನ ಹಾಳೆ ಒಣಗಿ ಸೀಳಿತು, ಕೆಳಗಿನದು ತಟ್ಟೆಗೆ ಅಂಟಿತು, ಒಳಗಿನ ಕೋಸು ನೀರುಬಿಟ್ಟು ಸಾರಾಗಿತ್ತು. ಮೈತುಂಬ ನೀರನ್ನು ಹಿಡಿದಿಟ್ಟುಕೊಂಡ ಕೋಸಿನಂಥ ತರಕಾರಿಗೆ ಹಿಮ ಒಗ್ಗುವುದು ಕಷ್ಟ. ಪಿಷ್ಟ ತುಂಬಿದ ಗೆಡ್ಡೆಗೆ ಒಗ್ಗುತ್ತದೆ. ಆರು ಪೊಟ್ಟಣಗಳಿಂದ ನಾನು ಕಲಿತ ಪಾಕಶಾಸ್ತ್ರ ಇಷ್ಟೇ. ಆದರೆ ಈ ಒಂದು ಮಾತನ್ನು ನೆನಪಿನಲ್ಲಿಡಬೇಕೆಂದು ವಾಚಕರನ್ನು ಕೇಳಿಕೊಳ್ಳುತ್ತೇನೆ. ಮುಂದೆ ಜೋಯಿಡಾ ಎಂಬ ಊರಿನ ಪ್ರಸ್ತಾಪದಲ್ಲಿ ಇದು ಬೇಕಾಗುತ್ತದೆ.

ಇಷ್ಟಾದ ಮೇಲೆ, ಅಗ್ಗದ ಫ್ರೋಜನ್ ತಿಂಡಿಯ ವಿಷಯವಾಗಿ ನನ್ನ ಹಳೆಯ ತಿರಸ್ಕಾರ ಉಳಿಯಲಿಲ್ಲ. ಪಾಳಿಯ ಕೆಲಸ ಮುಗಿಸಿ ಬರುವ ದಂಪತಿಗಳು, ಆಸ್ಪತ್ರೆಯ ದಾದಿಯರು, ಬಾಡಿಗೆ ಕೋಣೆಯ ಹುಡುಗರು ಅದನ್ನು ಕೊಂಡರೆ ಅವರ ಸಂಸ್ಕೃತಿ ಕೆಟ್ಟಿತೆಂದು ಗೊಣಗುವ ಅಧಿಕಾರ, ಹೆಂಡತಿ ಒಲೆಯ ಮುಂದೆ ನಿಂತಿರುವಾಗ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದಿದ ನನ್ನಂಥವರಿಗಂತೂ ಇಲ್ಲ. ಸರ್ಕಾರಕ್ಕೆ ಸಹ ಈ ತಿಂಡಿಗಳ ಜಾತಿಯನ್ನು ನಿಶ್ಚಯಿಸುವುದು ಸುಲಭವಾಗಿರಲಿಲ್ಲ. ಪೊಟ್ಟಣದ ಪರೋಟವನ್ನು ಮತ್ತೊಮ್ಮೆ ಕಾಯಿಸಿಯೇ ತಿನ್ನಬೇಕಾದುದರಿಂದ ಅದು ‘ರೊಟ್ಟಿ’ಯಲ್ಲ, 5ರ ಬದಲು 18 ಪ್ರತಿಶತ ತೆರಿಗೆ ಕೊಡತಕ್ಕದ್ದು ಎಂದು 2020ರಲ್ಲಿ ಕರ್ನಾಟಕದ ತೆರಿಗೆ ಪ್ರಾಧಿಕಾರ ನಿರ್ಣಯವಿತ್ತಾಗ ದೇಶವೇ ನಕ್ಕಿತು, 2025ರ ಸೆಪ್ಟೆಂಬರಿನಲ್ಲಿ ಪರೋಟಕ್ಕೂ ರೊಟ್ಟಿಗೂ ತೆರಿಗೆಯೇ ಇಲ್ಲವೆಂದಾಗಿ ಆ ವ್ಯಾಜ್ಯ ತಣ್ಣಗಾಯಿತು.

ನನ್ನ ದೂರು ಬೇರೆಯದು. ಆಷಾಢದಲ್ಲಿ, ಮೊಮ್ಮಗನು ಊರಿಗೆ ಹೋದ ಮೇಲೆ, ಫ್ರೈಸಿನ ರುಚಿ ನನಗೇ ಹತ್ತಿದುದರಿಂದ, ಹತ್ತಿರದ ಅಂಗಡಿಯೊಂದರಲ್ಲಿ ಪೊಟ್ಟಣ ಕೊಂಡೆನು. ಕೈಯಲ್ಲಿ ಹಿಡಿದಾಗಲೇ ಸಂಶಯ: ಬಿಡಿಬಿಡಿಯಾಗಿ ಗಲಗಲನೆ ಅಲುಗಬೇಕಾದ ಹೋಳುಗಳು ಒಂದೇ ಇಟ್ಟಿಗೆಯಾಗಿದ್ದವು, ಒಳಬದಿಯಲ್ಲಿ ಸಕ್ಕರೆಯಂತೆ ಹಿಮದ ಹರಳು. ಎರಡೂ ಒಂದೇ ಕಥೆಯನ್ನು ಹೇಳುತ್ತವೆ: ಕರಗಿ, ಮತ್ತೆ ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿಸುವುದರಿಂದ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಸಾಯುವುದಿಲ್ಲ, ನಿದ್ರಿಸುತ್ತವೆ; ಕರಗಿದಾಗ ಎಚ್ಚೆತ್ತು ವಂಶವನ್ನು ಬೆಳೆಸಿ ಮತ್ತೆ ಮಲಗುತ್ತವೆ. ನಾನು ಅಂಗಡಿಯಾತನನ್ನು ಕೇಳಿದೆನು. ಆತ ಸಭ್ಯನೇ, ಸುಳ್ಳು ಹೇಳಲಿಲ್ಲ. “ಮಾಸ್ತರ್ರ, ರಾತ್ರಿ ಕರೆಂಟ್ ಹೋದ್ರ ನಾ ಏನ್ ಮಾಡ್ಲಿರಿ? ಮುಂಜಾನೆ ಬಂದ ಕೂಡ್ಲೆ ಮತ್ತ ಗಟ್ಟಿ ಆಗ್ತದಲ್ಲ” ಎಂದನು. ಇನ್ವರ್ಟರು ದೀಪಕ್ಕೆ ಸಾಕು, ಡೀಪ್ ಫ್ರೀಜರಿಗೆ ಸಾಲದು. ಜನರೇಟರಿನ ಡೀಸೆಲ್ಲಿಗೆ ಒಂದು ಪೊಟ್ಟಣದ ಲಾಭ ಸಾಲದು.

ಇಲ್ಲಿ ನನಗೆ ನಗು ಬರುವುದಿಲ್ಲ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಕಾಳಿ ನದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿಹಾಕಿ ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆ ನಮ್ಮದು. ಆ ಕಾಳಿಯ ನೀರಿನ ಅಂಚಿನಲ್ಲಿಯೇ ಕೈಗಾದ ಅಣುಸ್ಥಾವರ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಾಗ ಸೂಪಾ ಎಂಬ ಊರು ನೀರಿನಡಿಗೆ ಹೋಗಿ, ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ಊರನ್ನೇ ಕೊಟ್ಟು ಪಡೆದ ವಿದ್ಯುತ್ತು ಅದೇ ತಾಲೂಕಿನ ಅಂಗಡಿಯಲ್ಲಿ ಒಂದು ಪೊಟ್ಟಣ ಬಟಾಣಿಯನ್ನು ರಾತ್ರಿಯಿಡೀ ತಣ್ಣಗೆ ಇಡಲಾರದು: ಮಳೆಗಾಲದಲ್ಲಿ ಕಾಡಿನ ಮರ ತಂತಿಯ ಮೇಲೆ ಬಿದ್ದರೆ ಒಂದು ರಾತ್ರಿಯೋ, ಮೂರು ರಾತ್ರಿಯೋ. ಪಟ್ಟಣದವನಿಗೆ ಅಗ್ಗವಾದ ಪೊಟ್ಟಣ ನಮಗೆ ಅಗ್ಗವಲ್ಲ. ಬೆಲೆಯ ಜೊತೆಗೆ ಹೊಟ್ಟೆನೋವಿನ ಸಂಭವವನ್ನೂ ಕೊಂಡಂತೆ. ಕಾಡಿನ ನಡುವೆ ತಂತಿಯನ್ನು ನೆಲದಡಿಗೆ ಇಳಿಸುವುದು ವೆಚ್ಚದ ಕೆಲಸವೆಂಬುದನ್ನು ಬಲ್ಲೆನು. ಆದರೆ ಪ್ರತಿಯೊಂದು ಫ್ರೀಜರಿನ ಮೇಲೆಯೂ ಗಿರಾಕಿಗೆ ಕಾಣುವಂತೆ ಒಂದು ಉಷ್ಣಮಾಪಕವನ್ನು ತೂಗುಹಾಕಿಸುವುದಕ್ಕೂ, ಕರಗಿದ ಮಾಲನ್ನು ಕಂಪನಿಯವರು ತಕರಾರಿಲ್ಲದೆ ಹಿಂದಕ್ಕೆ ಪಡೆಯುವಂತೆ ಮಾಡುವುದಕ್ಕೂ ಅಷ್ಟೊಂದು ವೆಚ್ಚವಾಗದು. ಈಗ ನಷ್ಟವನ್ನೆಲ್ಲ ಅಂಗಡಿಯವನ ತಲೆಗೆ ಕಟ್ಟಿರುವುದರಿಂದ, ಅವನು ಅದನ್ನು ನಮ್ಮ ಹೊಟ್ಟೆಗೆ ದಾಟಿಸುತ್ತಾನೆ.

ಇನ್ನು ಜೋಯಿಡಾ. ಕಾಳಿಯಲ್ಲಿ ರಾಫ್ಟಿಂಗ್ ಮಾಡಿ ನೆನೆದು ನಡುಗುತ್ತ ಬರುವ ಅತಿಥಿಗಳಿಗೆ ಅಲ್ಲಿನ ಹೋಂಸ್ಟೇಗಳಲ್ಲಿ ‘ಸ್ಟಾರ್ಟರ್’ ಎಂದು ಕೊಡುವುದು ಬಹುಮಟ್ಟಿಗೆ ಇದೇ ಫ್ರೈಸು, ಇದೇ ನಗೆಟ್ಸು. ಗುಜರಾತಿನ ಗೆಡ್ಡೆ ಘಟ್ಟ ಹತ್ತಿ ಕಾಡಿಗೆ ಬರುತ್ತದೆ. ಅದೇ ಕಾಡಿನ ಅಂಚಿನಲ್ಲಿ ಕುಣಬಿ ಸಮಾಜದ ಮನೆಗಳ ಹಿತ್ತಿಲಿನಲ್ಲಿ ಬೆಳೆಯುವ ಗೆಡ್ಡೆಗಳ ವೈವಿಧ್ಯವನ್ನು ನೋಡಬೇಕಾದರೆ ಚಳಿಗಾಲದಲ್ಲಿ ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಹೋಗಬೇಕು: ಮಗುವಿನ ಎತ್ತರದ ಕೆಸವಿನ ಮುಡ್ಲಿ, ಮುಳ್ಳುಬಳ್ಳಿಯ ಕಾಟೆ ಕಣಗ, ಆನೆಯ ಪಾದದಂಥ ಸುವರ್ಣಗೆಡ್ಡೆ. ಮೇಳದ ದಿನ ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ, ಕೆಲವರು ಕೊಳ್ಳುತ್ತಾರೆ. ಪಿಷ್ಟ ತುಂಬಿದ ಗೆಡ್ಡೆಗೆ ಹಿಮ ಒಗ್ಗುತ್ತದೆ ಎಂದೆನಲ್ಲವೆ? ಮುಡ್ಲಿಯನ್ನು ಹೆಚ್ಚಿ, ಬೇಯಿಸಿ, ಹೆಪ್ಪುಗಟ್ಟಿಸಿ, ವರ್ಷವಿಡೀ ಹೋಂಸ್ಟೇಯ ಅಡುಗೆಮನೆಗೆ ಒದಗಿಸುವ ಒಂದು ಚಿಕ್ಕ ಘಟಕವನ್ನು, ಕಾಳಿಯ ವಿದ್ಯುತ್ತಿನ ಋಣದಲ್ಲಿ ಒಂದಂಶವೆಂದಾದರೂ, ಜೋಯಿಡಾದಲ್ಲಿ ಏಕೆ ಸ್ಥಾಪಿಸಬಾರದು?

ಹೇಳುವುದಕ್ಕಿಂತ ಮಾಡಿ ನೋಡುವುದು ಮೇಲೆಂದು, ಈ ಸಲದ ಮೇಳದಿಂದ ತಂದ ಮುಡ್ಲಿಯನ್ನು ಮನೆಯಾಕೆ ಬೆರಳ ದಪ್ಪಕ್ಕೆ ಹೆಚ್ಚಿದಳು. ಕೆಸವಿನ ಜಾತಿಯಾದುದರಿಂದ ಗಂಟಲು ಕೆರೆಯದಂತೆ ಮುರುಗಲು ಸಿಪ್ಪೆಯ ಹುಳಿನೀರಿನಲ್ಲಿ ಅರೆಬೇಯಿಸಿ, ಬಟ್ಟೆಯ ಮೇಲೆ ಆರಿಸಿ, ಸ್ಟೀಲಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ನಮ್ಮ ಎರಡು ನಕ್ಷತ್ರದ ಖಾನೆಯಲ್ಲಿಟ್ಟಳು. ಎಂಟನೆಯ ದಿನ ಕೆಲವನ್ನು ತೆಗೆದು, ಉಪ್ಪು ಖಾರ ಸವರಿ, ರವೆಯಲ್ಲಿ ಹೊರಳಿಸಿ, ನಮ್ಮ ಕೊಂಕಣಿ ನೆರೆಯವರು ಫೋಡಿ ಮಾಡುವಂತೆ ಹೆಂಚಿನ ಮೇಲೆ ಕಾಯಿಸಿದಳು. ಹೊರಗೆ ಗರಿ, ಒಳಗೆ ಬೆಣ್ಣೆ. ಅಂಚಿನಲ್ಲಿ ಸ್ವಲ್ಪ ನೀರುಬಿಟ್ಟಿತ್ತೆಂಬುದನ್ನು ಮುಚ್ಚಿಡುವುದಿಲ್ಲ, ನಿಧಾನದ ಹಿಮದ ಫಲ ಅದು. ಉಳಿದುದನ್ನು ಒಂದು ತಿಂಗಳು ಇಟ್ಟು ನೋಡೋಣವೆಂದು ತಟ್ಟೆಯ ಮೇಲೆ ತಾರೀಖು ಬರೆದ ಚೀಟಿ ಅಂಟಿಸಿದೆನು.

ಹನ್ನೊಂದನೆಯ ದಿನ ಲೈನ್ ದುರಸ್ತಿಯೆಂದು ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಖಾನೆಯ ಬಾಗಿಲಿನಿಂದ ನೀರು ತೊಟ್ಟಿಕ್ಕತೊಡಗಿತು. ಮನೆಯಾಕೆ ನನ್ನ ಚೀಟಿಯನ್ನು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಿರೆಂದು ಕೊಟ್ಟು, ಹೆಂಚನ್ನು ಒಲೆಗೇರಿಸಿ, “ಪಕ್ಕದ ಮನೆ ಮಕ್ಕಳನ್ನ ಕರೀರಿ, ಎಲ್ಲಾ ಕಾಯಿಸಿಬಿಡ್ತೀನಿ” ಎಂದಳು.